ಮೂರನೇ ಲಾಳಿ ಹಿಡಿದವರ ಮುಖ

ಏಳನೇ ಟೇಪು, ಇಪ್ಪತ್ತೆರಡು ನಿಮಿಷ ಹದಿನಾಲ್ಕನೇ ಸೆಕೆಂಡಿಗೆ ಚೌಕಟ್ಟಿನ ಎಡ ಅಂಚಿನಿಂದ ಒಂದು ಕೈ ಒಳಗೆ ಬರುತ್ತದೆ. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆಗಳು, ಒಂದು ಬಳೆಗೆ ಸಿಕ್ಕಿಸಿದ ಸೇಫ್ಟಿ ಪಿನ್ನು. ಕೈ ಲಾಳಿಯನ್ನು ಎಳೆಗಳ ನಡುವೆ ತೂರಿಸಿ ಹಿಂದಕ್ಕೆ ಸರಿಯುತ್ತದೆ. ಒಟ್ಟು ಎರಡು ಸೆಕೆಂಡು. ನನ್ನ ನೋಟ್‌ಬುಕ್ಕಿನಲ್ಲಿ ಅದರ ಎದುರಿಗೆ ನನ್ನದೇ ಅಕ್ಷರದಲ್ಲಿ ಬರೆದಿದೆ: ‘ಕೈ ಅಡ್ಡ. ಬೇಡ.’

ಅದು ಎರಡು ಸಾವಿರದ ಎರಡನೇ ಇಸವಿ. ಎಂ.ಎ. ಮುಗಿಸಿ ಚಳ್ಳಕೆರೆಯ ಮನೆಗೆ ವಾಪಸು ಬಂದು ಏಳು ತಿಂಗಳಾಗಿತ್ತು. ಕೆಳಗೆ ಅಪ್ಪನ ಎಣ್ಣೆ ಮಿಲ್ಲಿನ ಆಫೀಸು, ಮೇಲೆ ನಾವು. ಬೆಳಿಗ್ಗೆ ಅರ್ಜಿ ಬರೆಯುವುದು, ಮಧ್ಯಾಹ್ನ ಕಿಟಕಿಯಲ್ಲಿ ನಿಂತು ಲಾರಿಗಳಿಂದ ಶೇಂಗಾ ಚೀಲ ಇಳಿಸುವುದನ್ನು ನೋಡುವುದು, ಸಂಜೆ ಮದುವೆಯ ಮಾತು ಬಂದಾಗ ಎದ್ದು ಒಳಗೆ ಹೋಗುವುದು. ಹೀಗೆ ದಿನ ಹೋಗುತ್ತಿತ್ತು. ಒಂದು ಪುಸ್ತಕವನ್ನೂ ಪೂರ್ತಿ ಓದಲಾಗುತ್ತಿರಲಿಲ್ಲ.

ಆಗ ವಿಶ್ವವಿದ್ಯಾಲಯದ ನಮ್ಮ ಮೇಷ್ಟ್ರಿಂದ ಫೋನು ಬಂತು. ಬೆಂಗಳೂರಿನ ನಿರ್ದೇಶಕರೊಬ್ಬರು ಸಾಕ್ಷ್ಯಚಿತ್ರ ಮಾಡುತ್ತಿದ್ದಾರೆ; ಸಾವು ಹತ್ತಿರವಿದೆ ಎಂದು ಗೊತ್ತಿದ್ದೂ ಕೆಲಸ ಬಿಡದ ಮೂವರು ಹಿರಿಯರ ಬಗ್ಗೆ. ಅವರಲ್ಲಿ ಒಬ್ಬರು ಮೊಳಕಾಲ್ಮೂರಿನ ನೇಕಾರರು, ಮನೆಮಾತು ತೆಲುಗು. ನಿನಗೆ ತೆಲುಗು ಬರುತ್ತದೆ, ಊರೂ ಹತ್ತಿರ, ಹೋಗುತ್ತೀಯಾ ಎಂದರು. ನನ್ನ ತಾಯಿಯ ತವರು ರಾಯದುರ್ಗದ ಕಡೆ. ತೆಲುಗು ನನಗೆ ಬಂದದ್ದು ಅಜ್ಜಿಯಿಂದ. ಮಾತು ಮುಗಿಯುವ ಮೊದಲೇ ಹೋಗುತ್ತೇನೆ ಎಂದೆ.

ವಿಶ್ವವಿದ್ಯಾಲಯದಲ್ಲಿ ಚಿತ್ರ ತೋರಿಸುವ ಕತ್ತಲೆ ಕೋಣೆಯಲ್ಲಿ ನಾನು ಅಂಥ ಚಿತ್ರಗಳನ್ನು ಬಹಳ ನೋಡಿದ್ದೆ. ದೊಡ್ಡ ಬದುಕು ಬಾಳಿದವರು ಕ್ಯಾಮೆರಾ ಎದುರು ಕೂತು ತಮ್ಮ ಸಾವಿನ ಬಗ್ಗೆ ಮಳೆ-ಬೆಳೆಯ ವಿಷಯ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ನನಗೆ ಆ ನಿಶ್ಶಬ್ದ ಇಷ್ಟ. ಒಬ್ಬ ಮನುಷ್ಯ, ಅವನ ಹಿಂದೆ ಒಂದು ಗೋಡೆ, ಪಕ್ಕದಲ್ಲಿ ಬೆಳಕು. ಬೇರೇನೂ ಅಡ್ಡ ಬರಬಾರದು. ಚಿತ್ರ ಎಂದರೆ ಹಾಗಿರಬೇಕು ಎಂದು ನಾನೂ ನಂಬಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಆದದ್ದರಲ್ಲಿ ತಪ್ಪು ನಿರ್ದೇಶಕರದ್ದು ಮಾತ್ರ ಎಂದು ಯಾರಿಗೂ ಅನಿಸಬಾರದು.

ನೇಕಾರ ಅಜ್ಜನಿಗೆ ಎಪ್ಪತ್ತು ದಾಟಿತ್ತು. ಶ್ವಾಸಕೋಶ ಕೆಟ್ಟಿತ್ತು, ಡಾಕ್ಟರು ತಿಂಗಳುಗಳ ಲೆಕ್ಕದಲ್ಲಿ ಮಾತಾಡಿದ್ದರು. ಮಗ್ಗದ ಮೇಲಿರುವ ಸೀರೆಯೇ ತನ್ನ ಕೊನೆಯದು ಎಂದು ಅಜ್ಜ ಬೀದಿಗೆಲ್ಲ ಹೇಳಿಟ್ಟಿದ್ದರು. ಅವರು ನೇಯ್ದ ಅಂಚಿನ ವಿನ್ಯಾಸಗಳನ್ನು ಅರ್ಧ ಊರು ನೋಡಿ ಕಲಿತಿತ್ತು. ನಡುಮನೆಯ ನೆಲದಲ್ಲೇ ಗುಂಡಿ ತೋಡಿ ಕೂರಿಸಿದ ಮಗ್ಗ ಅದು. ಕಾಲು ಗುಂಡಿಯಲ್ಲಿ ಇಳಿಬಿಟ್ಟು, ನೆಲದ ಮಟ್ಟದಲ್ಲಿ ಕೂತು ನೇಯಬೇಕು.

ಅಲ್ಲಿನ ರೇಷ್ಮೆ ಸೀರೆಯಲ್ಲಿ ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ. ಅದಕ್ಕೆ ಮೂರು ಲಾಳಿ ಬೇಕು: ಒಡಲಿಗೊಂದು, ಎರಡು ಅಂಚಿಗೆ ಎರಡು. ನೇಯುವವರಿಗೆ ಇರುವುದು ಎರಡೇ ಕೈ. ಹಾಗಾಗಿ ದೂರದ ಅಂಚಿನ ಲಾಳಿ ಹಾಕಲು ಪಕ್ಕದಲ್ಲಿ ಇನ್ನೊಬ್ಬರು ಕೂರುತ್ತಾರೆ. ಆ ಮನೆಯಲ್ಲಿ ನಲವತ್ತು ವರ್ಷಗಳಿಂದ ಹಾಗೆ ಕೂತವರು ಅಜ್ಜನ ಹೆಂಡತಿ. ಆದರೆ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಮಗ್ಗ ಅಜ್ಜನದು, ಸೀರೆ ಅಜ್ಜ ನೇಯ್ದದ್ದು. ಅಜ್ಜಿಯನ್ನೇ ಕೇಳಿದರೂ ಅಷ್ಟೇ. ‘ನಾನೇನ್ ನೇಯ್ತೀನಿ? ಸುಮ್ನೆ ಆ ಕಡೆ ಲಾಳಿ ಹಾಕ್ತೀನಿ’ ಎನ್ನುತ್ತಿದ್ದರು.

ನನ್ನ ಕೆಲಸ ಮೂರು. ಪ್ರಶ್ನೆ-ಉತ್ತರಗಳನ್ನು ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಮಾಡುವುದು. ಯಾವ ಟೇಪಿನಲ್ಲಿ ಎಷ್ಟನೇ ನಿಮಿಷಕ್ಕೆ ಏನಿದೆ ಎಂದು ಬರೆದುಕೊಳ್ಳುವುದು. ಚೌಕಟ್ಟಿನೊಳಗೆ ಬರಬಾರದವರನ್ನು ಸರಿಸುವುದು. ಕ್ಯಾಮೆರಾದ ಬಲಕ್ಕೆ, ಮಗ್ಗದ ಎದುರಿಗೆ, ಒಂದು ಸಣ್ಣ ಮಣೆಯ ಮೇಲೆ ನನ್ನ ಜಾಗ.

ಮೊದಲ ದಿನ ನಿರ್ದೇಶಕರು ಕಣ್ಣನ್ನು ಕ್ಯಾಮೆರಾಕ್ಕೆ ಇಟ್ಟುಕೊಂಡೇ ಹೇಳಿದರು, ‘ಅಜ್ಜಿ ಅರ್ಧ ಭುಜ ಬರ್ತಿದ್ದಾರೆ. ಒಂದೋ ಪೂರ್ತಿ ಇರಬೇಕು, ಇಲ್ಲಾ ಇರಬಾರದು. ಸ್ವಲ್ಪ ಆ ಕಡೆಗೆ ಹೇಳ್ತೀರಾ?’

ನಾನು ಅಜ್ಜಿಯ ಕಡೆ ಬಾಗಿ ತೆಲುಗಿನಲ್ಲಿ, ‘ಕೊಂಚೆಂ ಜರಗಂಡಮ್ಮಾ’ ಎಂದೆ. ಸ್ವಲ್ಪ ಸರಿಯಿರಿ ಎಂದು.

ಅಜ್ಜಿ ಸರಿದರು. ಎರಡು ನಿಮಿಷಕ್ಕೆ ಮತ್ತೆ ಹೇಳಬೇಕಾಯಿತು. ಮೂರನೇ ಸಲಕ್ಕೆ ಅವರು ಕನ್ನಡದಲ್ಲೇ ಹೇಳಿದರು, ‘ಜರುಗ್ತೀನಿ ತಾಯಿ. ಇನ್ನೂ ಜರುಗಬೇಕು ಅಂದ್ರೆ ಗೋಡೆ ಒಡ್ಸು, ಆ ಕಡೆ ಮನೆಯಾಗೆ ಕೂತ್ಕಂತೀನಿ.’

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹೆಂಗಸು ನಕ್ಕಳು. ‘ಏನಕ್ಕ, ಗಂಡ ಒಬ್ನೇ ಹೀರೋನಾ? ನೀನ್ಯಾಕೆ ಬರಲ್ಲ ಸಿನಿಮಾದಾಗೆ?’

‘ಹೋಗೋರ್ದು ತೆಗೀತಾರಂತೆ ಕಣೆ. ನಾನೆಲ್ಲಿಗೆ ಹೋಗ್ಲಿ? ನನ್ಗೆ ಒಲೆ ಮೇಲೆ ಎಸರು ಐತೆ.’

‘ಹೋಗೋರು’ ಎಂದರೆ ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ಅಜ್ಜ ತಲೆ ಎತ್ತಲಿಲ್ಲ. ‘ಲಾಳಿ’ ಎಂದರು ಅಷ್ಟೇ. ಅಜ್ಜಿಯ ಕೈ ಹೋಗಿ ಬಂತು.

ಹನ್ನೆರಡು ದಿನ ಚಿತ್ರೀಕರಣ ನಡೆಯಿತು. ನಾನು ದಿನವೂ ಚಳ್ಳಕೆರೆಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದೆ. ಆರನೇ ದಿನ ನಿರ್ದೇಶಕರು ತಾವು ಕೇಳಲೆಂದೇ ಬಂದಿದ್ದ ಪ್ರಶ್ನೆಯನ್ನು ಕೇಳಿದರು. ‘ಸಾವು ಅಂದ್ರೆ ಭಯ ಆಗುತ್ತಾ, ಕೇಳಿ.’ ನಾನು ಕೇಳಿದೆ. ಅಜ್ಜ ಬಹಳ ಹೊತ್ತು ಬಟ್ಟೆಯನ್ನು ನೋಡಿ, ‘ಇನ್ನೂ ನಾಲ್ಕು ಮೊಳ ಒಡಲು ಐತೆ. ಆಮೇಲೆ ಸೆರಗು’ ಎಂದರು. ಅದು ನಿರ್ದೇಶಕರಿಗೆ ಇಷ್ಟವಾಯಿತು. ನನಗೂ. ಅಷ್ಟರಲ್ಲಿ ಎಡಗಡೆ ಗೋಡೆಯ ಹತ್ತಿರದಿಂದ ಅಜ್ಜಿಯ ದನಿ ಬಂತು.

‘ಭಯ ಯಾಕಿಲ್ಲ? ಬೆಳಗಿನ ಜಾವ ಕೆಮ್ಮು ಶುರು ಆದ್ರೆ ನನ್ ಕೈ ಮುರಿಯಂಗೆ ಹಿಡ್ಕಂತಾರೆ. ಬಿಡ್ರಿ, ಬೆಳಿಗ್ಗೆ ಲಾಳಿ ಹಿಡೀಬೇಕು ಈ ಕೈಯಾಗೆ ಅಂತೀನಿ. ಆಗ ಬಿಡ್ತಾರೆ.’

‘ಕಟ್’ ಎಂದರು ನಿರ್ದೇಶಕರು. ‘ಅಜ್ಜಿಗೆ ಸುಮ್ಮನಿರೋಕೆ ಹೇಳಿ ಪ್ಲೀಸ್.’

ನಾನು ಹೇಳಿದೆ. ನೋಟ್‌ಬುಕ್ಕಿನಲ್ಲಿ ಬರೆದೆ: ‘ಅಜ್ಜಿ ಮಾತು. ಬೇಡ.’ ಹನ್ನೆರಡು ದಿನದಲ್ಲಿ ಆ ಪ್ರಶ್ನೆಗೆ ಬಂದ ನಿಜವಾದ ಉತ್ತರ ಅದೊಂದೇ ಎಂದು ನನಗೆ ಆಗಲೇ ಅನಿಸಿತ್ತೋ ಇಲ್ಲವೋ, ಈಗ ಹೇಳಲಾರೆ. ಅನಿಸಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಹೇಳಿದ್ದನ್ನು ತಪ್ಪಿಲ್ಲದೆ ಮಾಡುವುದೇ ದೊಡ್ಡತನ ಎಂದುಕೊಂಡಿದ್ದ ವಯಸ್ಸು.

ಕೊನೆಯ ದಿನ ದೀಪ, ವೈರು ಎಲ್ಲ ಜೀಪಿಗೆ ಹೋದ ಮೇಲೆ ಅಜ್ಜಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

‘ಅದ್ರಾಗೆ ನಾನು ಎಲ್ಲೂ ಬಿದ್ದಿಲ್ಲ ತಾನೆ?’

‘ಇಲ್ಲಮ್ಮ, ಎಲ್ಲೂ ಕಾಣಲ್ಲ.’

‘ಎಲ್ಲೂ?’

‘ಎಲ್ಲೂ ಇಲ್ಲ.’

ಅವರಿಗೆ ಸಮಾಧಾನವಾಗಲಿ ಎಂದೇ ಒತ್ತಿ ಹೇಳಿದ್ದೆ. ಅಜ್ಜಿ ‘ಹೂಂ, ಒಳ್ಳೇದಾಯ್ತು’ ಎಂದು ರಾಟೆ ತಿರುಗಿಸಿದರು. ಎರಡನೇ ಸಲ ಯಾಕೆ ಕೇಳಿದರು ಎಂದು ಬಸ್ಸು ಹೊರಡುವ ಹೊತ್ತಿಗೆ ನನಗೆ ಕಿರಿಕಿರಿ ಶುರುವಾಯಿತು. ಇಳಿದು ಹೋಗಿ ಕೇಳುವ ಸ್ವಭಾವ ನನ್ನದಲ್ಲ.

ಟೇಪುಗಳ ಪ್ರತಿಗಳನ್ನು ವಿಎಚ್‌ಎಸ್ ಕ್ಯಾಸೆಟ್ಟಿಗೆ ಹಾಕಿ ನನಗೆ ಕಳಿಸಿದರು. ಒಟ್ಟು ಹನ್ನೊಂದು. ಪರದೆಯ ಕೆಳಗೆ ಸಮಯದ ಅಂಕಿಗಳು ಓಡುತ್ತಿರುತ್ತವೆ. ಅದನ್ನು ನೋಡಿಕೊಂಡು ಪ್ರತಿ ಮಾತನ್ನೂ ಕನ್ನಡದಲ್ಲಿ ಬರೆದು ಕಳಿಸಬೇಕು. ಮೂರನೇ ಕ್ಯಾಸೆಟ್ಟಿನಲ್ಲಿದ್ದಾಗ, ಚಿತ್ರೀಕರಣ ಮುಗಿದು ಹದಿನೈದು ದಿನಕ್ಕೆ, ಕೆಳಗೆ ಮಿಲ್ಲಿನ ಆಫೀಸಿಗೆ ಫೋನು ಬಂತು. ಅಜ್ಜನ ಮಗ, ಎಸ್‌ಟಿಡಿ ಬೂತಿನಿಂದ. ರೇಷ್ಮೆ ನೂಲಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು, ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು.

‘ಅಕ್ಕ, ಮನೇಲಿ ಹೋಗ್ಬಿಟ್ರು.’

‘ಅಜ್ಜ ಯಾವಾಗ…’ ಎಂದೆ.

ಆ ಕಡೆ ಬೂತಿನ ಮುಂದೆ ಯಾರೋ ಲಾರಿ ಹಿಂದಕ್ಕೆ ತೆಗೆಯುತ್ತಿದ್ದ ಸದ್ದು.

‘ಅಪ್ಪ ಅಲ್ಲಕ್ಕ. ಅಮ್ಮ.’

ಎರಡು ದಿನ ಜ್ವರವಿತ್ತಂತೆ. ಮೂರನೇ ದಿನ ಬಳ್ಳಾರಿಗೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೋಗಿದ್ದರು. ಮಣ್ಣು ಮಾಡಿ ಮೂರು ದಿನವಾಗಿತ್ತು. ನನ್ನ ಬಾಯಿಂದ ಬಿದ್ದ ‘ಅಜ್ಜ ಯಾವಾಗ’ ಎಂಬ ಮಾತು ಇನ್ನೂ ಅಲ್ಲೇ ಫೋನಿನ ಪಕ್ಕ ಇದ್ದ ಹಾಗೆ ಅನಿಸುತ್ತಿತ್ತು.

‘ಒಂದು ಉಪಕಾರ ಆಗ್ಬೇಕಿತ್ತು’ ಎಂದರು ಮಗ. ‘ಅಮ್ಮಂದು ಒಂದೂ ಫೋಟೋ ಇಲ್ಲ. ವೋಟಿನ ಕಾರ್ಡಿಗೆ ತೆಗೆಯೋಕೆ ಬಂದಾಗ ಅಮ್ಮ ತಂಗಿ ಬಾಣಂತನಕ್ಕೆ ಅಂತ ಅವಳೂರಿಗೆ ಹೋಗಿದ್ಲು. ನನ್ ಮದುವೆ ಆಲ್ಬಮ್ಮಿನಾಗೆ ಬರೀ ಬೆನ್ನು. ಹನ್ನೊಂದರ ದಿನಕ್ಕೆ ಇಡಾಕೆ ಬೇಕಕ್ಕ. ನೀವು ಹನ್ನೆರಡು ದಿನ ತೆಗೆದ್ರಲ್ಲ, ಅದ್ರಾಗೆ ಬೇಕಾದಷ್ಟು ಇರ್ತಾವೆ. ಚೆನ್ನಾಗಿರೋದು ಒಂದು ಕೊಟ್ರೆ ಸಾಕು.’

‘ನೋಡ್ತೀನಿ’ ಎಂದೆ. ನೋಡುವ ಅಗತ್ಯವೇ ಇರಲಿಲ್ಲ. ಏನಿದೆ, ಏನಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಆದರೂ ನೋಡಿದೆ. ಹನ್ನೊಂದು ಕ್ಯಾಸೆಟ್ಟುಗಳನ್ನೂ ಮೊದಲಿನಿಂದ. ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಹೋದಾಗ ಟಿವಿಯ ಕಪ್ಪು ಗಾಜಿನ ಮುಂದೆಯೇ ಕೂತಿರುತ್ತಿದ್ದೆ. ಬಂದ ಕೂಡಲೇ ಮತ್ತೆ. ಕೈ ಬರುತ್ತಿತ್ತು, ಹೋಗುತ್ತಿತ್ತು. ಒಮ್ಮೆ ಮೊಣಕೈ. ಒಮ್ಮೆ ಅಜ್ಜನಿಗೆ ನೀರು ಕೊಡುವಾಗ ಬೆನ್ನು. ಗೋಡೆಯ ಮೇಲೆ ತುರುಬಿನ ನೆರಳು. ದನಿ ಮಾತ್ರ ಎಲ್ಲ ಕಡೆ ಇತ್ತು: ಎಳೆ ಎಣಿಸುವ ದನಿ, ಬೆಕ್ಕನ್ನು ಓಡಿಸುವ ದನಿ, ಅಜ್ಜನಿಗೆ ಕೇಳಿದ ಪ್ರಶ್ನೆಗೆ ತಾನೇ ಉತ್ತರ ಹೇಳಿ ಬಾಯಿ ಮುಚ್ಚಿಕೊಳ್ಳುವ ದನಿ. ಅದರ ಜೊತೆಗೆ ಇನ್ನೊಂದು ದನಿಯೂ ಇತ್ತು. ಮೆತ್ತಗೆ, ಸ್ಪಷ್ಟವಾಗಿ, ಪ್ರತಿ ಕ್ಯಾಸೆಟ್ಟಿನಲ್ಲೂ: ‘ಕೊಂಚೆಂ ಜರಗಂಡಮ್ಮಾ.’ ಹತ್ತೊಂಬತ್ತರವರೆಗೆ ಎಣಿಸಿ ಬಿಟ್ಟೆ.

ನನ್ನ ಅವ್ವ ಬಟ್ಟೆ ಮಡಿಸುತ್ತಾ ಹಿಂದೆ ನಿಂತಿದ್ದಳು. ‘ಏನೇ ಅದು, ಮುಂದಕ್ಕೆ ಹಿಂದಕ್ಕೆ? ತಲೆ ತಿರುಗ್ತೈತೆ ನೋಡೋಕೆ.’

ವಿಷಯ ಹೇಳಿದೆ.

‘ಅಷ್ಟು ದಿನ ಅವರ ಮನೇಲಿ ಟೀ ಕುಡಿದು ಬಂದಿ. ಆ ಹೆಣ್ಮಗಳ ಮುಖ ಒಂದ್ಸಲನೂ ಹಿಡೀಲಿಲ್ವಾ ನೀವು?’

ನಾನು ಕ್ಯಾಸೆಟ್ಟನ್ನು ಮತ್ತೆ ಹಿಂದಕ್ಕೆ ಓಡಿಸಿದೆ. ಅವ್ವ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಿರ್ದೇಶಕರಿಗೆ ಫೋನು ಮಾಡಿದೆ. ಅವರೂ ನನ್ನ ಹಾಗೆಯೇ ‘ಅಜ್ಜ ಹೋದ್ರಾ?’ ಎಂದರು. ಅಲ್ಲ ಎಂದೆ. ಅವರಿಗೆ ನಿಜವಾಗಿ ಬೇಸರವಾಯಿತು, ಕೆಟ್ಟ ಮನುಷ್ಯರಲ್ಲ. ತಮ್ಮ ಬಳಿಯೂ ಮುಖವಿರುವ ಒಂದು ಚೂರೂ ಇಲ್ಲ ಎಂದರು. ಆಮೇಲೆ ದನಿ ಬದಲಾಯಿಸಿ ಹೇಳಿದರು, ‘ನೋಡಿ, ಇಡೀ ಚಿತ್ರವೇ ಈಗ ಬೇರೆ ಆಯ್ತು. ಮಗ್ಗದ ಪಕ್ಕದ ಆ ಖಾಲಿ ಜಾಗ, ಹನ್ನೊಂದನೇ ದಿನ… ನಾವು ಬರ್ತೀವಿ. ನೀವು ಮುಂಚೆ ಹೋಗಿ ಮನೆಯವರನ್ನ ಒಪ್ಪಿಸಿ. ನಿಮ್ಮ ಮಾತು ಕೇಳ್ತಾರೆ.’

ಸರಿ ಎಂದೆ. ನನ್ನ ಬಾಯಲ್ಲಿ ಸರಿ ಎಂಬುದು ಎಷ್ಟು ಬೇಗ ಬರುತ್ತಿತ್ತು.

ಒಂಬತ್ತನೇ ಕ್ಯಾಸೆಟ್ಟಿನಲ್ಲಿ ಒಂದು ಕಡೆ ಅಜ್ಜಿ ಕೆಳಗೆ ಬಿದ್ದ ನೂಲಿನ ಉಂಡೆ ಎತ್ತಿಕೊಳ್ಳಲು ಬಾಗುತ್ತಾರೆ. ಹಿಂದಿನಿಂದ ಕಾಣುವ ಒಂದು ಕೆನ್ನೆ, ಮೂಗುಬೊಟ್ಟಿನ ಹೊಳಪು. ಅಲ್ಲಿ ನಿಲ್ಲಿಸಿ, ಪೇಟೆಯ ಸ್ಟುಡಿಯೋದವರನ್ನು ಮನೆಗೆ ಕರೆಸಿ, ಟಿವಿಯ ಪರದೆಯನ್ನೇ ಫೋಟೋ ತೆಗೆಸಿದೆ. ಅವರು ಹಳೇ ಫೋಟೋಗಳಿಗೆ ಬ್ರಷ್ಷು ಹಿಡಿದು ಟಚ್ ಮಾಡುವುದರಲ್ಲಿ ಹೆಸರಾದವರು; ಮಾಸಿದ ಗಡ್ಡ, ಹರಿದ ಮೂಲೆ, ಮುಚ್ಚಿದ ಕಣ್ಣು ಎಲ್ಲವನ್ನೂ ಸರಿ ಮಾಡುತ್ತಿದ್ದರು. ಪ್ರಿಂಟನ್ನು ಕೈಯಲ್ಲಿ ಹಿಡಿದು ನಕ್ಕರು.

‘ಇದ್ರಾಗೆ ಮುಖ ಎಲ್ಲೈತೆ ಮೇಡಂ? ಕೆನ್ನೆ ಐತೆ.’

‘ಏನಾದ್ರೂ ಮಾಡಕ್ಕಾಗುತ್ತಾ?’

‘ಮಗಳು ಐದಾಳಾ? ಮಗಳ ಫೋಟೋ ಕೊಡ್ರಿ. ಮುಖ ಕೂರಿಸಿ ವಯಸ್ಸು ಏರಿಸ್ತೀನಿ. ಎಲ್ರಿಗೂ ಹಂಗೇ ಮಾಡಿಕೊಡೋದು. ಜಲ್ದಿ ಆಗ್ತೈತೆ.’

ಮಗ ಮರುದಿನವೇ ತಂಗಿಯ ಫೋಟೋ ತಂದುಕೊಟ್ಟು ಹೋದರು. ಒಂಬತ್ತನೇ ದಿನ ಮಧ್ಯಾಹ್ನ ನಾನು ಸಿದ್ಧವಾದ ಫೋಟೋವನ್ನು ಪೇಪರಿನಲ್ಲಿ ಸುತ್ತಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಚೀಲದಲ್ಲಿ ನಿರ್ದೇಶಕರು ಬರುವ ದಿನ, ಹೊತ್ತು ಬರೆದ ಚೀಟಿಯೂ ಇತ್ತು. ದಾರಿಯುದ್ದಕ್ಕೂ ಎರಡನ್ನೂ ಯಾವ ಕ್ರಮದಲ್ಲಿ ತೆಗೆಯುವುದು ಎಂದು ಯೋಚಿಸಿದೆ. ಫೋಟೋ ಕೊಟ್ಟ ಮೇಲೆ ಕೇಳಿದರೆ ಒಪ್ಪುತ್ತಾರೆ. ಹಾಗೆ ಯೋಚಿಸಿದ್ದಕ್ಕೆ ನಾಚಿಕೆಯಾಗಿ ಕಿಟಕಿಯ ಹೊರಗೆ ನೋಡಿದೆ. ಬಂಡೆ, ಜಾಲಿ, ಕುರಿಮಂದೆ. ಬಸ್ಸಿನಲ್ಲಿ ಜಾಗವಿತ್ತು, ಆದರೂ ಅರ್ಧ ದಾರಿ ಎದ್ದು ನಿಂತೇ ಹೋದೆ.

ಮಗ್ಗದ ಮೇಲೆ ಹಳೇ ಪಂಚೆ ಮುಚ್ಚಿದ್ದರು. ಅಜ್ಜ ಗುಂಡಿಯ ಅಂಚಿನಲ್ಲಿ, ತಮ್ಮ ಜಾಗದಲ್ಲೇ ಕೂತಿದ್ದರು, ಕೈಗೆ ಕೆಲಸವಿಲ್ಲದೆ. ದೇವಸಮುದ್ರಕ್ಕೆ ಮದುವೆ ಮಾಡಿಕೊಟ್ಟ ಮಗಳು ಬಂದಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಅಜ್ಜಿಯ ಮಾತಿನ ಧಾಟಿಯೇ ಅವಳದ್ದು.

ಮಗ ಪೇಪರು ಬಿಚ್ಚಿ, ದೂರ ಹಿಡಿದು ನೋಡಿ, ‘ಹೂಂ. ಅಮ್ಮನೇ’ ಎಂದರು.

ಮಗಳು ಕಿತ್ತುಕೊಂಡಳು. ‘ಎಲ್ಲಿ ಅಮ್ಮ? ಇದು ನಾನು. ನನ್ಗೆ ಬಿಳೀ ಕೂದ್ಲು ಬರೆದು ಇಟ್ಟವ್ರೆ. ನಾನಿನ್ನೂ ಬದುಕಿರೋವಾಗ್ಲೇ ನನ್ಗೆ ಹಾರ ಹಾಕ್ತೀಯೇನೋ?’

‘ಸುಮ್ನಿರೇ. ಅಷ್ಟು ದೂರದಿಂದ ತಂದವ್ರೆ.’

‘ತಂದ್ರೆ? ನಾಳಿದ್ದು ಬಂದೋರೆಲ್ಲ ನನ್ ಮುಖಕ್ಕೆ ಕೈ ಮುಗಿದು ಹೋಗ್ಲಾ? ಅಪ್ಪಾ, ನೀನ್ ಹೇಳು. ಇದು ಅಮ್ಮನಾ?’

ಅಜ್ಜ ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಬೆಳಕಿಗೆ ತಿರುಗಿಸಿದರು.

‘ಪಕ್ಕದಾಗೆ ಕೂತೋರ ಮುಖ ಕಾಣಲ್ಲಮ್ಮ’ ಎಂದರು ಕೊನೆಗೆ. ‘ನನ್ ಕಣ್ಣೆಲ್ಲ ಬಟ್ಟೆ ಮೇಲೆ. ಲಾಳಿ ಬಂತಾ, ಬರ್ಲಿಲ್ವಾ, ಅಷ್ಟೇ ಗೊತ್ತಾಗ್ತಿತ್ತು. ತಡ ಆದ್ರೆ ಬೈತಿದ್ದೆ.’ ಆಮೇಲೆ ಫೋಟೋ ಹಿಡಿದ ಕೈಯಿಂದಲೇ ನನ್ನನ್ನು ತೋರಿಸಿದರು. ‘ಆ ಹುಡ್ಗಿ ಎದುರಿಗೆ ಕೂತು ದಿನಾ ಬರ್ಕಂತಿತ್ತು. ಅದು ನೋಡೈತೆ. ಅದನ್ನ ಕೇಳ್ರಿ.’

ಮೂವರೂ ನನ್ನ ಕಡೆ ತಿರುಗಿದರು. ‘ಹಾಗೇ ಇದೆ’ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಫೋಟೋಗೆ ಕಟ್ಟು ಹಾಕಿಸುತ್ತಿದ್ದರು, ನಾನು ಚೀಟಿ ತೆಗೆದು ಎರಡನೇ ಮಾತು ಕೇಳುತ್ತಿದ್ದೆ, ಸಂಜೆಯ ಬಸ್ಸು ಸಿಗುತ್ತಿತ್ತು.

‘ಇಲ್ಲ’ ಎಂದೆ. ‘ಹಾಗಿಲ್ಲ.’

‘ಏನು ಹಂಗಿಲ್ಲ?’ ಎಂದಳು ಮಗಳು, ಕೂತ ಜಾಗದಿಂದ ಮುಂದಕ್ಕೆ ಸರಿದು.

‘ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ರೆಪ್ಪೆ ಸ್ವಲ್ಪ ಇಳಿದಿರುತ್ತೆ. ಬಲ ಹುಬ್ಬಿನ ತುದಿಯಲ್ಲಿ ಕೂದಲಿಲ್ಲ, ಗಾಯದ ಗುರುತು. ಮೂಗು ನಿಮ್ಮದೇ. ಗಲ್ಲ ಮಾತ್ರ ನಿಮ್ಮಷ್ಟು ಚೂಪಿಲ್ಲ. ಎಳೆ ಎಣಿಸುವಾಗ ಕೆಳತುಟಿಯ ಒಂದು ಬದಿಯನ್ನು ಒಳಗೆ ಕಚ್ಚಿಕೊಳ್ಳುತ್ತಿದ್ದರು. ಅದಕ್ಕೇ ಆ ಬದಿಯಲ್ಲಿ ಒಂದು ಗೆರೆ ಬಿದ್ದಿತ್ತು. ಹಣೆಯಲ್ಲಿ ಗೆರೆ ಕಡಿಮೆ.’

ಇಷ್ಟು ಉದ್ದ ನಾನು ಆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ. ನಮ್ಮ ಮನೆಯಲ್ಲೂ ಇಲ್ಲ. ಮಗ ತಮ್ಮ ಹುಬ್ಬನ್ನು ಮುಟ್ಟಿ ನೋಡಿಕೊಂಡರು. ‘ಹೌದಲ್ವಾ’ ಎಂದರು. ‘ಬಾವಿ ರಾಟೆ ತಗಲಿ ಆಗಿದ್ದ ಗಾಯ ಅದು.’

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ‘ಅವರು ಚಿತ್ರದಲ್ಲಿ ಇಲ್ಲದೇ ಇರೋಕೆ ನಾನೇ ಕಾರಣ. ಸರಿಯಿರಿ ಸರಿಯಿರಿ ಅಂತ ಹೇಳ್ತಿದ್ದದ್ದು ನಾನು.’

ಮಗಳು ನನ್ನನ್ನೇ ನೋಡಿದಳು. ‘ಗೊತ್ತು. ಅಮ್ಮ ಹೇಳಿದ್ಲು. ಆ ಹುಡ್ಗಿ ಎಷ್ಟು ಮೆತ್ತಗೆ ಹೇಳ್ತೈತೆ ಅಂದ್ರೆ, ಜರುಗದೇ ಇರಾಕೇ ಆಗಲ್ಲ ಅಂತಿದ್ಲು.’

ಅದು ಬೈಗುಳವೋ ಅಲ್ಲವೋ ತಿಳಿಯಲಿಲ್ಲ. ಅವಳ ಮುಖದಲ್ಲೂ ಏನೂ ಸಿಗಲಿಲ್ಲ. ಅಜ್ಜ ಫೋಟೋವನ್ನು ಮಗನ ಕೈಗೆ ಕೊಟ್ಟು, ‘ಇದನ್ನ ಇಡಬ್ಯಾಡ. ಸರಿಯಾಗಿ ಬರಂಗಿದ್ರೆ ಇಡು, ಇಲ್ಲಾಂದ್ರೆ ದೀಪ ಒಂದೇ ಸಾಕು’ ಎಂದರು. ಇನ್ನು ಉಳಿದದ್ದು ಒಂದೇ ದಿನ. ನಾಳೆ ಬೆಳಿಗ್ಗೆ ಸ್ಟುಡಿಯೋಕ್ಕೆ ಹೋಗಿ ನಾನೇ ಹೇಳಿ ಬರೆಸುತ್ತೇನೆ ಎಂದೆ. ಮೊದಲ ಬಸ್ಸಿಗೆ ತಾನೂ ಬರುತ್ತೇನೆ ಎಂದಳು ಮಗಳು. ‘ನನ್ ಮೂಗು ಬೇಕಲ್ಲ.’

ಚೀಟಿ ಚೀಲದಲ್ಲೇ ಉಳಿಯಿತು. ಬಸ್ ಸ್ಟ್ಯಾಂಡಿನ ಬೂತಿನಿಂದ ನಿರ್ದೇಶಕರಿಗೆ ಫೋನು ಮಾಡಿ, ‘ಮನೆಯವರು ಬೇಡ ಅಂದರು’ ಎಂದೆ. ಅದು ಸುಳ್ಳು. ಅವರು ಬೇಡ ಎಂದಿರಲಿಲ್ಲ. ಕೇಳಿದ್ದರೆ ಬಹುಶಃ ಒಪ್ಪುತ್ತಿದ್ದರು. ನಾನು ಕೇಳಿಯೇ ಇರಲಿಲ್ಲ. ನಿರ್ದೇಶಕರು ಇನ್ನೊಮ್ಮೆ ಪ್ರಯತ್ನಿಸಿ ಎಂದರು. ಇಲ್ಲ ಸಾರ್ ಎಂದು ಇಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಕಾಡಿದ್ದು ಹೇಳಿದ ಸುಳ್ಳಲ್ಲ. ಅಜ್ಜನ ಮನೆಯಲ್ಲಿ ಅಷ್ಟು ಖಚಿತವಾಗಿ ಹೇಳಿದೆನಲ್ಲ, ಅದೆಲ್ಲ ನಾನು ನಿಜವಾಗಿ ನೋಡಿದ್ದೋ, ಕೇಳಿದ ದನಿಗೆ ಈ ವಾರದಲ್ಲಿ ನಾನೇ ಹಚ್ಚಿಕೊಂಡ ಮುಖವೋ ಎಂಬ ಅನುಮಾನ ಶುರುವಾಗಿತ್ತು. ಹುಬ್ಬಿನ ಗಾಯವನ್ನು ಮಗ ಒಪ್ಪಿದ್ದರು. ಉಳಿದವುಗಳಿಗೆ ಸಾಕ್ಷಿ ಯಾರು?

ಮರುದಿನ ಬೆಳಿಗ್ಗೆ ಎಂಟಕ್ಕೇ ಸ್ಟುಡಿಯೋದ ಶಟರಿನ ಮುಂದೆ ನಿಂತಿದ್ದೆ. ಎಂಟೂವರೆಗೆ ಮಗಳು ಬಂದಳು. ಒಂಬತ್ತಕ್ಕೆ ಸ್ಟುಡಿಯೋದವರು ಬಂದು, ನಮ್ಮನ್ನು ನೋಡಿ, ‘ಇಷ್ಟು ಬೇಗ ಸಾಲು ನಿಲ್ಲಾಕೆ ಇದೇನು ರೇಷನ್ ಅಂಗಡಿನಾ?’ ಎಂದು ಬೀಗ ತೆಗೆದರು. ವಿಷಯ ಹೇಳಿದಾಗ ನಗು ನಿಂತಿತು. ಬಾಯಲ್ಲಿ ಹೇಳಿದ್ದನ್ನು ಬರೆಯುವುದು ತಮ್ಮ ಕೆಲಸವಲ್ಲ, ಪೊಲೀಸರಿಗೆ ಒಂದೆರಡು ಸಲ ಮಾಡಿಕೊಟ್ಟದ್ದು ಬಿಟ್ಟರೆ ಅಭ್ಯಾಸವಿಲ್ಲ ಎಂದರು. ಆಮೇಲೆ ಮಗಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಹಲಗೆಗೆ ದಪ್ಪ ಕಾಗದ ಸಿಕ್ಕಿಸಿದರು.

ಮೂಗು ಬೇಗ ಆಯಿತು. ಹಣೆ, ಗಲ್ಲ ಆಯಿತು. ಎಡಗಣ್ಣಿಗೆ ಬಹಳ ಹೊತ್ತು ಹಿಡಿಯಿತು.

‘ಇನ್ನೂ ಸಣ್ಣದು’ ಎಂದೆ.

‘ಇದಕ್ಕಿಂತ ಸಣ್ಣ ಮಾಡಿದ್ರೆ ಕಣ್ಣು ಹೊಡೆದಂಗೆ ಕಾಣ್ತೈತೆ ಮೇಡಂ.’

‘ಅಮ್ಮ ಹೊಡೆದ್ರೂ ಹೊಡೆಯೋಳೇ. ಮಾಡ್ರಿ’ ಎಂದಳು ಮಗಳು. ಮೊದಲ ಬಾರಿ ನಕ್ಕಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

‘ನೀವು ಅಲ್ಲಾಡಬ್ಯಾಡ್ರಿ’ ಎಂದರು ಅವರು.

ಹುಬ್ಬಿನ ತುದಿಯನ್ನು ರಬ್ಬರಿನಿಂದ ಒಂದಿಷ್ಟು ಅಳಿಸಿದರು. ತುಟಿಯ ಬದಿಗೆ ಗೆರೆ ಎಳೆದರು. ನಾನು ಸ್ವಲ್ಪ ಕೆಳಗೆ, ಸ್ವಲ್ಪ ಈ ಕಡೆ ಎನ್ನುತ್ತಲೇ ಇದ್ದೆ. ಮಗಳು ಕೂತಲ್ಲಿಂದ ಕತ್ತು ಹೊರಳಿಸದೆ, ‘ಬಂತಾ? ಬಂತಾ?’ ಎಂದು ಕೇಳುತ್ತಿದ್ದಳು. ನನಗೆ ಹೌದು ಎನ್ನಲು ಧೈರ್ಯ ಬರಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಹನ್ನೊಂದೂವರೆಯ ಬಸ್ಸಿಗೆ ಅವಳು ಚಿತ್ರ ಹಿಡಿದುಕೊಂಡು ಹೊರಡಬೇಕಿತ್ತು. ಗೋಡೆಯ ಗಡಿಯಾರದಲ್ಲಿ ಹತ್ತು ನಲವತ್ತು.

‘ಕಿವಿ?’ ಎಂದರು ಅವರು. ‘ಓಲೆನಾ, ಜುಮುಕಿನಾ? ತೂತು ಜಗ್ಗಿತ್ತಾ?’

ಮಗಳು ತನ್ನ ಕಿವಿ ಮುಟ್ಟಿಕೊಂಡಳು. ‘ಓಲೆ’ ಎಂದಳು. ‘ತೂತು… ಗೊತ್ತಿಲ್ಲ.’

ನನಗೂ ಥಟ್ಟನೆ ಹೊಳೆಯಲಿಲ್ಲ.

‘ಗೊತ್ತಿಲ್ದಿದ್ರೆ ತಲೆ ಮೇಲೆ ಸೆರಗು ಎಳೆದುಬಿಡ್ತೀನಿ’ ಎಂದು ಅವರು ಪೆನ್ಸಿಲನ್ನು ಆಗಲೇ ಕಾಗದಕ್ಕೆ ತಾಗಿಸಿದ್ದರು. ‘ಕಿವಿ ಮುಚ್ಚಿಹೋಗ್ತೈತೆ. ಚೆಂದಾನೂ ಕಾಣ್ತೈತೆ. ಕೆಲಸಾನೂ ಮುಗೀತೈತೆ.’

‘ಬೇಡ’ ಎಂದೆ. ‘ಅವರು ತಲೆ ಮೇಲೆ ಸೆರಗು ಹಾಕ್ತಿರಲಿಲ್ಲ. ಒಂದು ನಿಮಿಷ ಇರಿ.’

ಪೆನ್ಸಿಲು ನಿಂತಿತು. ನಾನು ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದೆ, ಕಿವಿಯಿಂದ ಅವರ ಮುಖವನ್ನು ನೆನೆಯಲು ಮತ್ತೆ ಶುರು ಮಾಡಿದೆ.